ಬಿಸಿಲೂರಿನ ಮೂರು ತಂಪು ಕೋಣೆಗಳು

ಸುಮ್ಮನೆ ಹೋಗಿ ಸುಮ್ಮನೆ ಬರುವ ಭಾಗ್ಯ ನನ್ನ ಹಣೆಯಲ್ಲಿ ಬರೆದಿಲ್ಲ. ಒಂದು ನಟ್ಟು ಬಿಗಿದು ಬರುತ್ತೇನೆ ಅಂತ ಹೋದವಳು ಒಂದು ಕತೆ ಹೊತ್ತುಕೊಂಡು ವಾಪಸು ಬರುತ್ತೇನೆ. ನೈರೋಬಿಯ ಆಚೆಯ ಹಳ್ಳಿಗಳಲ್ಲೂ ಹಾಗೇ ಆಯಿತು, ನೇಪಾಳದ ಸೇಬಿನ ತೋಟಗಳಲ್ಲೂ ಆಯಿತು, ಒಡಿಶಾದ ಮೀನುಪೇಟೆಯಲ್ಲಂತೂ ವಾರಕ್ಕೆರಡು. ಹೊಸಪೇಟೆಯಲ್ಲಿ ಬಾಡಿಗೆ ಮನೆ ಹಿಡಿದು ಈಗ ಒಂದೂವರೆ ವರ್ಷ. ಇಲ್ಲಿ ವಾರಕ್ಕೆರಡೇ ಆದರೆ ಆ ವಾರ ರಜೆ ಸಿಕ್ಕಿತು ಅಂದುಕೊಳ್ಳುತ್ತೇನೆ.

ನನ್ನ ಕೆಲಸ ಇಷ್ಟು. ಕರೆಂಟಿನ ತಂತಿಯೂ ಬೇಡ, ಡೀಸೆಲ್ಲೂ ಬೇಡ ಅನ್ನುವ ಮೂರು ಕೋಲ್ಡ್ ರೂಮುಗಳನ್ನು ನೋಡಿಕೊಳ್ಳುವುದು. ಮೇಲೆ ಸೋಲಾರ್ ಪ್ಲೇಟು, ಒಳಗೆ ಒಂದು ಸಣ್ಣ ಕೋಣೆ. ಹಗಲೆಲ್ಲ ಬಿಸಿಲು ಕುಡಿದು ಗೋಡೆಯೊಳಗೆ ಐಸು ಕಟ್ಟಿಕೊಳ್ಳುತ್ತದೆ, ಬಿಸಿಲು ಹೋದ ಮೇಲೆ ಆ ಐಸಿನಿಂದ ತಂಪು ಕೊಡುತ್ತದೆ. ಇಲ್ಲದಿದ್ದರೆ ಎರಡು ದಿನಕ್ಕೆ ಕೊಳೆತು ತಿಪ್ಪೆಗೆ ಹೋಗುವ ತರಕಾರಿ ಹತ್ತು ದಿನ ಮುಖ ಕೆಡಿಸಿಕೊಳ್ಳದೆ ಕೂರುತ್ತದೆ. ಒಂದು ಕೋಣೆ ಸಂಡೂರಿನಲ್ಲಿ, ಒಂದು ಹಂಪಿ ಕಡೆಯ ಬಾಳೆತೋಟಗಳ ನಡುವೆ, ಇನ್ನೊಂದು ಕಂಪ್ಲಿ ತಾಲ್ಲೂಕಿನ ಮೆಟ್ರಿಯಲ್ಲಿ.

ಮೂರೂ ಪರೀಕ್ಷೆಗೆ ಇಟ್ಟವು. ಬೇಸಿಗೆ ಮುಗಿಯುವ ಹೊತ್ತಿಗೆ ಯಾವುದನ್ನು ಜನ ಕಡಿಮೆ ಬಳಸಿದ್ದಾರೋ ಅದನ್ನು ಕಿತ್ತು ಬೀದರ ಕಡೆ ಸಾಗಿಸಬೇಕು, ಅದರ ಹಿಂದೆ ನಾನೂ ಹೋಗಬೇಕು ಅಂತ ನಮ್ಮ ಆಫೀಸಿನ ಅಪ್ಪಣೆ. ನನಗೇನೂ ಬೇಜಾರಿರಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ನಾನು. ಒಂದೂವರೆ ವರ್ಷವಾದರೂ ಸೂಟ್‌ಕೇಸಿನ ಅರ್ಧ ಬಟ್ಟೆ ಹೊರಗೆ ಬಂದಿಲ್ಲ. ಮನೆ ಮಾಲೀಕರು ಗೋಡೆಗೆ ಮೊಳೆ ಹೊಡೆಯಬೇಡಿ ಅಂದಾಗ ನಕ್ಕುಬಿಟ್ಟಿದ್ದೆ. ಮೊಳೆ ಹೊಡೆಯುವಷ್ಟು ದಿನ ನಾನು ಎಲ್ಲಿ ಇದ್ದೆ? ಯಾವ ಕೋಣೆ ಹೋದರೂ ಸರಿ, ಒಂದು ಹೋದರೆ ಸಾಕು ಅಂತ ಕಾಯುತ್ತಿದ್ದೆ.

ಬೇಜಾರಿದ್ದದ್ದು ಮೆಟ್ರಿಯ ಮಹಿಳಾ ಸಂಘದ ಅಧ್ಯಕ್ಷೆಗೆ. ನಾನು ಅಕ್ಕಾ ಅನ್ನುತ್ತೇನೆ. ಕೋಣೆ ಇಡಲು ಆಕೆ ತನ್ನ ಪಾಲಿಗೆ ಬಂದ ಕಣವನ್ನೇ ಬಿಟ್ಟುಕೊಟ್ಟಿದ್ದಳು. ಮೈದುನ ಊರ ತುಂಬ ಹೇಳಿಕೊಂಡು ತಿರುಗಿದ್ದ, "ನಮ್ಮ ಅತ್ತಿಗಿ ಕಣದಾಗ ಫ್ರಿಜ್ಜು ಇಟ್ಟಾಳ. ಇನ್ನ ಸೋಫಾ ಒಂದು ಬಾಕಿ."

"ರೇಟು ಬಿದ್ದು ಟೊಮೆಟಿ ಕಾಲುವಿಗೆ ಸುರುವಿದ ವರ್ಷ ಮೂರು ದಿನ ನಾ ಕಾಲುವಿ ಕಡೆ ಹೋಗಲಿಲ್ರಿ ಮೇಡಂ," ಅಂದಿದ್ದಳು ಆಕೆ. "ಈ ಡಬ್ಬಿ ಹೋತಂದ್ರ ಮೈದುನನ ಮನಿ ಮುಂದ ಜಲ್ಮ ಪೂರ್ತಿ ಹಾಯೋ ಹಂಗಿಲ್ಲ. ನಮ್ಮ ಹೊಲಕ್ಕ ಬ್ಯಾರೆ ದಾರಿನೂ ಇಲ್ಲ."

ಧೂಳಿಗೆ ಹೆದರಿದ ಪ್ಲೇಟು

ಮೂರೂ ಕೋಣೆಗಳ ಒಳಗೆ ಎಷ್ಟು ಡಿಗ್ರಿ ಇದೆ ಅಂತ ನನ್ನ ಫೋನಿಗೆ ಗಂಟೆಗೊಂದು ಸಲ ಬರುತ್ತದೆ. ಸಂಡೂರಿನದು ಒಂದು ವಾರ ಏರುತ್ತಲೇ ಹೋಯಿತು. ಹತ್ತು, ಹದಿನಾಲ್ಕು, ಹತ್ತೊಂಬತ್ತು. ಇಪ್ಪತ್ತು ದಾಟಿದ ದಿನ ಸ್ಕೂಟರ್ ಹತ್ತಿ ಹೊರಟೆ. ದಾರಿಯುದ್ದಕ್ಕೂ ಅದಿರಿನ ಲಾರಿಗಳು. ಸಂಡೂರು ಮುಟ್ಟುವ ಹೊತ್ತಿಗೆ ನನ್ನ ಬಿಳಿ ಕುರ್ತಾ ಇಟ್ಟಂಗಿಯ ಬಣ್ಣಕ್ಕೆ ಬಂದಿತ್ತು.

ಅಲ್ಲಿ ಕೋಣೆ ನೋಡಿಕೊಳ್ಳುವವರು ಮೂವತ್ತು ವರ್ಷ ಅದಿರಿನ ಲಾರಿ ಓಡಿಸಿ ಈಗ ಮನೆ ಹಿಂದೆ ತರಕಾರಿ ಬೆಳೆಯುವ ಯಜಮಾನರು. ಬಹಳ ಶಿಸ್ತಿನ ಮನುಷ್ಯ. ಅವರ ಮನೆಯ ಟಿ.ವಿ.ಗೆ ಕಸೂತಿ ಹಾಕಿದ ಮುಸುಕು, ಮಿಕ್ಸರಿಗೆ ಅಂಗಿ, ಕುರ್ಚಿಗಳಿಗೆ ಅಂಗಡಿಯಿಂದ ಬಂದಾಗ ಇದ್ದ ಪ್ಲಾಸ್ಟಿಕ್ಕು ಹಾಗೇ ಇತ್ತು.

ವೈರು ನೋಡಿದೆ, ಸರಿ ಇತ್ತು. ಮೋಟರು ನೋಡಿದೆ, ಸರಿ ಇತ್ತು. ಬಾಗಿಲಿನ ರಬ್ಬರು, ಗ್ಯಾಸು, ಎಲ್ಲ ಸರಿ. ಕೊನೆಗೆ ಏಣಿ ಹಾಕಿ ಮೇಲೆ ಹತ್ತಿದೆ. ಪ್ಲೇಟುಗಳೇ ಕಾಣಲಿಲ್ಲ. ನೀಲಿ ತಾಡಪತ್ರಿ ಹೊದ್ದುಕೊಂಡು, ನಾಲ್ಕೂ ಮೂಲೆಗೆ ಕಲ್ಲಿಟ್ಟುಕೊಂಡು ಮಲಗಿದ್ದವು.

"ಇದೇನ್ರಿ ಯಜಮಾನ್ರ?"

"ಹೊಸಾ ಸಾಮಾನು ಐತ್ರಿ ಮೇಡಂ. ಲಾರಿ ಧೂಳು ನೋಡೀರಲ್ಲ, ಎರಡು ದಿನಕ್ಕ ಹಾಳಾಗ್ತಾವ. ಅದಕ್ಕ ಮುಚ್ಚೀನಿ."

"ಮುಚ್ಚಿದರೆ ಬಿಸಿಲು ಹೇಗೆ ಬೀಳಬೇಕು?"

ಅವರಿಗೆ ಬೇಜಾರಾಯಿತು. ನನ್ನನ್ನು ಏನೂ ಅರಿಯದವನೆಂದುಕೊಂಡಿದ್ದೀರಾ ಅನ್ನುವ ಹಾಗೆ ನೋಡಿದರು.

"ಯಾವಾಗ್ಲೂ ಮುಚ್ಚೇ ಇರ್ತೈತೇನ್ರಿ? ರಾತ್ರಿ ಲಾರಿ ನಿಂತ ಮ್ಯಾಲ ದಿನಾ ತೆಗೀತೀನಿ."

ಮೈ ತಣ್ಣಗಾದ ಟೊಮೆಟೊ

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನನ್ನ ಮನೆಯ ಸಂದಿಯಲ್ಲೇ ಒಬ್ಬ ಅಜ್ಜಿ ತರಕಾರಿ ಮಾರುತ್ತಾಳೆ. ಮೆಟ್ರಿಯ ಅಕ್ಕನ ಸಂಘದ ಟೊಮೆಟೊ ಈಕೆಯ ಬುಟ್ಟಿಗೆ ಬರುವ ಹಾಗೆ ನಾನೇ ಗಂಟು ಹಾಕಿದ್ದೆ. ಬೆಳಗ್ಗೆ ಕೋಣೆಯಿಂದ ತೆಗೆದದ್ದು ಏಳು ಗಂಟೆಗೆ ಅಜ್ಜಿಯ ಮುಂದೆ. ಎಂಟು ದಿನದ ಹಣ್ಣು ಅಂತ ಆಣೆ ಮಾಡಿ ಹೇಳಿದರೂ ಯಾರೂ ನಂಬಬಾರದು, ಹಾಗಿತ್ತು ಅದರ ಮಿರುಗು.

ಮೊದಲ ದಿನ ಒಬ್ಬಾಕೆ ಬಂದಳು. ಟೊಮೆಟೊ ಎತ್ತಿದವಳು ಬಿಸಿ ತಟ್ಟಿದವರ ಹಾಗೆ ಕೈ ಹಿಂದಕ್ಕೆಳೆದುಕೊಂಡಳು.

"ಯಬೇ, ಇದರ ಮೈ ತಣ್ಣಗಾಗೈತಿ. ಯಾವಾಗ ಹೋಗೈತಿ ಇದು?"

"ಇವತ್ತs ಬಂದೈತಿ ನೋಡವ್ವ," ಅಂದಳು ಅಜ್ಜಿ.

"ಬಂದಿದ್ದಲ್ಲಬೇ. ಜೀವ ಹೋಗಿದ್ದು ಯಾವಾಗ?"

ಅಷ್ಟು ಸಾಕಾಯಿತು. ಸಂದಿಯ ಹೆಂಗಸರೆಲ್ಲ ಬಂದು ಒಬ್ಬೊಬ್ಬರಾಗಿ ಟೊಮೆಟೊದ ಮೈ ಮುಟ್ಟಿ ನೋಡಿ, ತುಟಿ ಕಚ್ಚಿ, ತಲೆಯಾಡಿಸಿ ಹೋದರು. ಸಾವಿನ ಮನೆಗೆ ಬಂದುಹೋದ ಹಾಗೆ. ಒಂದು ಕಿಲೋ ಹೋಗಲಿಲ್ಲ.

ಮರುದಿನ ನಾನು ಕಂಪ್ಲಿಗೆ ಹೋಗಬೇಕಿತ್ತು. ವಾಪಸು ಬರುವಾಗ ನೋಡಿದರೆ ಬುಟ್ಟಿ ಖಾಲಿ. ಅಜ್ಜಿ ಕಾಲು ಚಾಚಿ ಎಲೆ ಅಡಿಕೆ ಹಾಕಿಕೊಂಡಿದ್ದಳು. ನನಗೆ ಹೆಮ್ಮೆಯಾಯಿತು. ಜನಕ್ಕೆ ನಿಧಾನವಾಗಿ ತಿಳಿಯುತ್ತದೆ, ಎಲ್ಲ ದೇಶದಲ್ಲೂ ಹೀಗೇ ಅಂತ ನಾಲ್ಕು ಮಾತು ಆಡಿದೆ.

"ತಿಳಿಯೋದೇನ ಬಂತವ್ವ," ಅಂದಳು. "ನಿನ್ನ ಟೊಮೆಟಿ ಬಂದ ಮ್ಯಾಲ ಒಂದು ತಾಸು ಬಿಸಿಲಿಗೆ ಹರವಿದ್ನಿ. ಮೈ ಬೆಚ್ಚಗಾತು. ಈಗ ಹೊಲದಿಂದ ಹರಕೊಂಡು ಬಂದಾರ ಅಂತ ಎಲ್ಲಾರೂ ಒಯ್ದರು. ನಿನ್ನ ಡಬ್ಬ್ಯಾಗ ಅದೊಂದು ಬಿಸಿಲು ಬೀಳಂಗ ಮಾಡಬೇಕಿತ್ತು ನೋಡು, ಉಳಿದಿದ್ದೆಲ್ಲ ಮಸ್ತ್ ಐತಿ."

ಹದಿಮೂರು ಡಿಗ್ರಿಯ ಮಾತುಕತೆ

ಬಾಳೆಯನ್ನು ಹದಿಮೂರು ಡಿಗ್ರಿಗಿಂತ ಕೆಳಗೆ ಇಟ್ಟರೆ ಸಿಪ್ಪೆ ಕಪ್ಪಾಗುತ್ತದೆ. ಹಾಗಾಗಿ ಹಂಪಿ ಕಡೆಯ ಕೋಣೆಯನ್ನು ಹದಿಮೂರಕ್ಕೇ ಕಟ್ಟಿಹಾಕಿದ್ದೆ. ಮೇ ತಿಂಗಳ ಒಂದು ಮಧ್ಯಾಹ್ನ, ಹಂಪಿಯ ಬಂಡೆಗಳ ಮೇಲೆ ರೊಟ್ಟಿ ಸುಡಬಹುದಾದ ಹೊತ್ತಿನಲ್ಲಿ, ಫೋನು ಬಡಿದುಕೊಳ್ಳತೊಡಗಿತು. ಬಾಗಿಲು ತೆರೆದಿದೆ, ಮುಚ್ಚಿದೆ, ತೆರೆದಿದೆ, ಮುಚ್ಚಿದೆ. ಬಾಳೆಗೊನೆ ಇಡಲು ಬಂದವರು ಇಷ್ಟು ಸಲ ತೆರೆಯುವುದಿಲ್ಲ. ಕಳ್ಳರು ಬಂದಿರಬೇಕು ಅಂತ ಹೋದೆ.

ಕೋಣೆಯ ಮುಂದೆ ಹದಿನಾಲ್ಕು ಜೊತೆ ಚಪ್ಪಲಿ ಸಾಲಾಗಿ ಬಿಟ್ಟಿದ್ದರು. ಕಳ್ಳರು ಚಪ್ಪಲಿ ಬಿಟ್ಟು ಒಳಗೆ ಹೋಗುವುದನ್ನು ನಾನು ಯಾವ ಖಂಡದಲ್ಲೂ ಕಂಡಿಲ್ಲ.

ಒಳಗೆ ಮದುವೆಯ ಮಾತುಕತೆ. ಊರಲ್ಲಿ ಬೆಳಗ್ಗೆಯಿಂದ ಕರೆಂಟಿಲ್ಲ, ಫ್ಯಾನಿಲ್ಲ, ಬೀಗರು ದೂರದಿಂದ ಬಂದಿದ್ದಾರೆ. ಆ ಸುತ್ತಿನಲ್ಲಿ ತಂಪಾಗಿರುವ ಜಾಗ ಇದೊಂದೇ. ತೋಟದ ಮಾಲೀಕ ಹೆಣ್ಣಿನ ಸೋದರಮಾವ. ಬಾಳೆಯ ಕ್ರೇಟುಗಳನ್ನು ಬೋರಲು ಹಾಕಿ, ಮೇಲೆ ಜಮಖಾನ ಹಾಸಿ, ಬೀಗರನ್ನು ಕೂರಿಸಿದ್ದ.

"ಬರ್ರಿ ಮೇಡಂ, ಕುಂದ್ರಿ," ಅಂದ. "ಬಾಗಿಲ ಜಲ್ದಿ ಹಾಕ್ರಿ, ತಂಪು ಹೋಗ್ತೈತಿ." ನನ್ನ ಪಾಠ ನನಗೇ ಒಪ್ಪಿಸಿದ.

ಈ ಸಂಬಂಧ ಮೂರು ತಿಂಗಳಿಂದ ನಿಂತಲ್ಲೇ ನಿಂತಿತ್ತಂತೆ. ಕಾರಣ ಗಂಡಿನ ದೊಡ್ಡಪ್ಪ. ಮದುವೆ ತಮ್ಮ ಊರಲ್ಲೇ ಆಗಬೇಕು, ಊಟಕ್ಕೆ ಗೋಧಿ ಹುಗ್ಗಿಯೇ ಆಗಬೇಕು, ಹೋಳಿಗೆ ಅಂದರೆ ಎದ್ದು ಹೋಗುತ್ತೇನೆ ಅಂತ ಹಟ. ಮಾತಿಗೆ ಕೂತರೆ ಸೂರ್ಯ ಮುಳುಗುವ ತನಕ ಬಿಡದ ಆಸಾಮಿ. ಅವತ್ತು ತೆಳು ಧೋತರ, ಜುಬ್ಬ ಹಾಕಿಕೊಂಡು ಬಂದಿದ್ದರು. ಮಾನಕ್ಕೆ ತಕ್ಕ ಹಾಗೆ ಎಲ್ಲರಿಗಿಂತ ಒಳಗಿನ ಜಾಗದಲ್ಲಿ, ತಂಪು ಊದುವ ಫ್ಯಾನಿನ ಬುಡದಲ್ಲಿ ಕೂರಿಸಿದ್ದರು.

ಅರ್ಧ ತಾಸಿಗೆ ಎಲ್ಲ ಮುಗಿದಿತ್ತು. ಮದುವೆ ಹೆಣ್ಣಿನ ಊರಲ್ಲಿ, ಊಟಕ್ಕೆ ಹೋಳಿಗೆ. ದೊಡ್ಡಪ್ಪ ಎಲ್ಲದಕ್ಕೂ ತಲೆಯಾಡಿಸಿದರು ಅಂತ ಹೆಣ್ಣಿನ ಕಡೆಯವರು ಕುಣಿದಾಡುತ್ತ ಹೊರಗೆ ಬಂದರು. ಕೊನೆಯಲ್ಲಿ ಬಂದ ದೊಡ್ಡಪ್ಪನನ್ನು ಇಬ್ಬರು ಹಿಡಿದುಕೊಂಡಿದ್ದರು. ಬಿಸಿಲಲ್ಲಿ ಹತ್ತು ನಿಮಿಷ ನಿಂತ ಮೇಲೆ ಅವರಿಗೆ ಮಾತು ಬಂತು.

"ಅದು ಒಪ್ಪಿಗಿ ಅಲ್ರಪ್ಪ," ಅಂದರು. "ನಾ ತಲಿ ಆಡಿಸಲಿಲ್ಲ. ಅದs ಆಡಾಕ ಹತ್ತಿತ್ತು."

ಸುದ್ದಿ ಮೆಟ್ರಿಗೆ ಮುಟ್ಟಿತು. ಸಂಜೆ ಅಕ್ಕನ ಫೋನು. "ಮೇಡಂ, ಹಂಪಿ ಕಡೇದ್ದು ಲಗ್ನಕ್ಕ ಬಳಸ್ಯಾರಂತ. ಅದು ಲೆಕ್ಕಕ್ಕ ಬರ್ತೈತೇನ್ರಿ? ಬರೋದಿದ್ರ ಹೇಳ್ರಿ, ನಮ್ಮ ಓಣ್ಯಾಗ ನಾಕು ಕನ್ಯಾ ಅದಾವ."

ಉಳಿಸಿದ ಇಂಗಾಲ

ವರ್ಷಕ್ಕೊಮ್ಮೆ ಒಂದು ಫಾರಂ ತುಂಬಬೇಕು. ತರಕಾರಿ ಕೊಳೆಯುವುದು ತಪ್ಪಿ, ಡೀಸೆಲ್ ಸುಡುವುದು ತಪ್ಪಿ, ಗಾಳಿಗೆ ಹೋಗಬೇಕಾದ ಇಂಗಾಲ ಎಷ್ಟು ಉಳಿಯಿತು ಅಂತ ಅದರಲ್ಲಿ ಬರೆಯಬೇಕು. ಮೆಟ್ರಿಯ ಕಟ್ಟೆಯ ಮೇಲೆ ಕೂತು ಇದನ್ನು ಓದಿ ಹೇಳುತ್ತಿದ್ದೆ. ಸಂಘದ ಹೆಂಗಸರು, ದಾರಿಯಲ್ಲಿ ಹೋಗುತ್ತಿದ್ದವರು, ಜೊತೆಗೆ ಅಕ್ಕನ ಮೈದುನ, ಎಲ್ಲ ಕೇಳಿಸಿಕೊಂಡರು. ಮೈದುನ ಬೀಡಿ ಆರಿಸಿ ಎದ್ದು ಬಂದ.

"ಖರೇನs ಉಳಿದೈತೇನ್ರಿ ಮೇಡಂ?"

"ಉಳಿದಿದೆ."

"ಭಾಳ ಉಳಿದೈತಿ?"

"ಸಾಕಷ್ಟು."

ಅವನು ಕೋಣೆಯನ್ನು ಒಂದು ಸುತ್ತು ಹಾಕಿ, ಬಾಗಿಲ ಸಂದಿಯಲ್ಲಿ ಇಣುಕಿ ಬಂದ. "ಹಂಗಾದ್ರ ಅದನ್ನ ನಮ್ಮತ್ತಿಗಿ ಎಲ್ಲಿಟ್ಟಾಳ ಕೇಳ್ರಿ. ಈ ಡಬ್ಬ್ಯಾಗಂತೂ ಎರಡು ಬುಟ್ಟಿ ಬದ್ನಿಕಾಯಿ ಬಿಟ್ರ ಏನಿಲ್ಲ."

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ.

ಸೂರ್ಯನ ಸೊಕ್ಕು

ಇದು ಹಿಂದಿನ ಆಯುಧ ಪೂಜೆಯ ಮಾತು. ಹಬ್ಬದ ದಿನ ಮೆಟ್ರಿಯ ಕೋಣೆಗೆ ಬಿಸಿಲಿನ ಬಲ ತಟ್ಟನೆ ಇಳಿಯಿತು. ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲ. ಹೋಗಿ ನೋಡಿದೆ. ಬಾಗಿಲಿಗೆ ಬಾಳೆಕಂಬ, ಮೋಟರಿಗೆ ಚೆಂಡುಹೂವಿನ ಸರ, ಅಂಗಳದಲ್ಲಿ ಒಡೆದ ಕುಂಬಳಕಾಯಿ. ಅದೆಲ್ಲ ಇರಲಿ. ಮೇಲೆ ಅಷ್ಟೂ ಪ್ಲೇಟುಗಳಿಗೆ ಒಂದು ಮೂಲೆ ಬಿಡದೆ ಅಡ್ಡಡ್ಡ ಮೂರು ಬೆರಳಿನ ವಿಭೂತಿ. ಈ ಕಡೆಯಿಂದ ಆ ಕಡೆಗೆ. ನಡುವೆ ತಟ್ಟೆಯಗಲದ ಕುಂಕುಮ.

"ಚೆಂದ ಕಾಣ್ತಾವಲ್ರಿ?" ಅಂದಳು ಅಕ್ಕ. ಕೈ ಇನ್ನೂ ಬೆಳ್ಳಗಿತ್ತು.

"ಚೆಂದ ಇದೆ ಅಕ್ಕಾ. ಆದರೆ ಬಿಸಿಲು ಒಳಗೆ ಹೋಗುವುದಿಲ್ಲ. ಒರೆಸಬೇಕು."

"ವಿಭೂತಿ ಒರಸೋದಾ?" ಅವಳ ದನಿ ಸಣ್ಣಗಾಯಿತು. "ಹಬ್ಬದ ದಿನ ಹಚ್ಚಿದ್ದು ಹಬ್ಬದ ದಿನ ಒರಸಿದ್ರ ಡಬ್ಬಿ ಈ ಊರಾಗ ನಿಂದರ್ತೈತೇನ್ರಿ?"

ಅವಳಿಗೆ ಏನೇ ಆದರೂ ಕೊನೆಗೆ ಅದೇ ಭಯ. ನಾನೂ ಯೋಚಿಸಿದೆ. ಬಟ್ಟೆ ತೆಗೆದುಕೊಂಡು ನಾನೇ ಹತ್ತಿದರೆ ನಾಳೆ ಒಂದು ಬೋಲ್ಟು ಸಡಿಲವಾದರೂ ಅದು ನನ್ನ ಕೈಗುಣ. ಕೊನೆಗೆ ಒಂದು ಒಪ್ಪಂದವಾಯಿತು. ಮೊದಲು ಪ್ಲೇಟುಗಳ ಹಿಂಭಾಗಕ್ಕೆ ವಿಭೂತಿ ಹಚ್ಚಿ, ಮಂಗಳಾರತಿ ಮಾಡಿ, ಆಮೇಲೆ ಮುಂಭಾಗಕ್ಕೆ ನೀರಿನ ಅಭಿಷೇಕ. ಒರೆಸುವುದಲ್ಲ, ಅಭಿಷೇಕ. ನಾಲ್ಕು ಕೊಡಕ್ಕೆ ಪ್ಲೇಟುಗಳು ಮಿರಮಿರ ಮಿಂಚಿದವು.

ಕೆಳಗಿಳಿದು ಕೈ ತೊಳೆಯುತ್ತ ಅಕ್ಕ ಮೇಲೆ ನೋಡಿದಳು.

"ನಮ್ಮ ಶಿವಗ ಹಿಂದ ಮುಂದ ಅನ್ನೋದು ಇಲ್ರಿ. ಎಲ್ಲಿ ಹಚ್ಚಿದ್ರೂ ಸುಮ್ಮನಿರ್ತಾನ. ಈ ನಿಮ್ಮ ಸೂರ್ಯಗ ಭಾಳ ಸೊಕ್ಕು. ಮುಂದಿನ ಬಾಗಿಲಿಂದs ಬರಬೇಕಂತಾನ."

ವಾರಕ್ಕೆರಡು ಸಲ ಕೆಡುವ ಯಂತ್ರ

ಬೇಸಿಗೆಯ ಕೊನೆಗೆ ಆಫೀಸಿನಿಂದ ಒಬ್ಬ ಎಂಜಿನಿಯರು ಬಂದ. ಬೆಂಗಳೂರಿನವನು, ಮೆದು ಸ್ವಭಾವ, ಕೈಯಲ್ಲಿ ಲ್ಯಾಪ್‌ಟಾಪು. ಮೆಟ್ರಿಯ ಯಂತ್ರ ವಾರಕ್ಕೆ ಎರಡು ದಿನ ಕೆಡುತ್ತಿದೆ, ಅದೂ ಗಡಿಯಾರ ಇಟ್ಟ ಹಾಗೆ ಮಂಗಳವಾರ, ಶುಕ್ರವಾರ ಅನ್ನುವುದು ಅವನ ತಲೆನೋವು. ಆ ಎರಡು ದಿನ ಬಾಗಿಲು ಒಂದು ಸಲವೂ ತೆರೆದಿಲ್ಲ. ಹೊಸಪೇಟೆಯಿಂದ ಬಂದ ವ್ಯಾಪಾರಿಗಳು ಖಾಲಿ ಗಾಡಿಯಲ್ಲಿ ವಾಪಸಾಗುತ್ತಿದ್ದರು. ಹೀಗಾಗಿ ಮೂರರಲ್ಲಿ ಮೆಟ್ರಿಯೇ ಹಿಂದೆ ಬಿದ್ದಿತ್ತು.

ಅವನು ನಾಲ್ಕು ತಿಂಗಳು ಇದರ ಮೇಲೆ ಕೂತಿದ್ದನಂತೆ. ಬೀಗದಲ್ಲಿ ದೋಷವೋ, ಪಕ್ಕದ ಪಂಪ್‌ಸೆಟ್ಟಿನ ಕಾಟವೋ ಅಂತ ಚಿತ್ರ ಬರೆದು ತಂದಿದ್ದ. ಗುರುವಾರ ಬಂದು ನೋಡಿದ, ಎಲ್ಲ ಸರಿ. ಶುಕ್ರವಾರ ಮತ್ತೆ ಹೋದೆವು. ಬಾಗಿಲಿಗೆ ಬೀಗ. ಅಕ್ಕ ಅಂಗಳದಲ್ಲಿ ಮೆಣಸಿನಕಾಯಿ ಆರಿಸುತ್ತಿದ್ದಳು.

"ಬಾಗಿಲು ತೆಗೆಯೋದಕ್ಕೆ ಬರ್ತಿಲ್ವಾ?" ಅಂದ ಎಂಜಿನಿಯರು.

"ಬರ್ತೈತ್ರಿ. ನಾನs ತೆಗೆಯಂಗಿಲ್ಲ."

"ಯಾಕೆ?"

"ಶುಕ್ರವಾರಲ್ರಿ ಇವತ್ತು? ಮಂಗಳವಾರ, ಶುಕ್ರವಾರ ಮನಿ ಸಾಮಾನು ಹೊರಗ ಕೊಟ್ಟರ ಲಕ್ಷ್ಮಿ ಹೋಗ್ತಾಳ. ಬಾಗಿಲ ತೆಗೆದ್ರ ಯಾರರೆ ಕೇಳ್ತಾರ. ಕೇಳಿದ ಮ್ಯಾಲ ಇಲ್ಲ ಅನ್ನಾಕ ನನ್ನ ಬಾಯಿಗೆ ಬರಂಗಿಲ್ಲ. ಅದಕ್ಕ ತೆಗೆಯೋದs ಇಲ್ಲ."

ಒಂದೂವರೆ ವರ್ಷ ನನಗೂ ಇದು ಹೊಳೆದಿರಲಿಲ್ಲ. ನಾನು ಮೆಟ್ರಿಗೆ ಹೋಗುತ್ತಿದ್ದದ್ದು ಸೋಮವಾರ.

ಎಂಜಿನಿಯರು ಹುಡುಗ ಅಲ್ಲಿಂದಲೇ ತನ್ನ ತಾಯಿಗೆ ಫೋನು ಮಾಡಿದ. ತಮಾಷೆ ಅಂತ ಹೇಳಲು. ಆ ಕಡೆಯಿಂದ ಬೈಗುಳ ನಮಗೂ ಕೇಳಿಸುವಷ್ಟಿತ್ತು. "ಶುಕ್ರವಾರ ಹೋಗಿ ಮನೆ ಹೆಂಗಸನ್ನ ಸಾಮಾನು ತೆಗಿ ಅಂತ ಕೇಳಿದ್ಯಾ? ಇದನ್ನೇನಾ ನಾನು ನಿಂಗೆ ಕಲಿಸಿದ್ದು? ಕೊಡು ಅವರಿಗೆ ಫೋನು." ಅಕ್ಕ ಮತ್ತು ಆ ತಾಯಿ ಕಾಲು ಗಂಟೆ ಮಾತಾಡಿದರು. ಉಪ್ಪಿನಕಾಯಿಯ ತನಕ ಹೋಯಿತು.

ಅವನು ಬರೆದ ವರದಿ ನಾನು ಓದಿದೆ. ಒಂದೇ ಸಾಲು: "ಯಂತ್ರದಲ್ಲಿ ದೋಷವಿಲ್ಲ. ತಾಯಿಯವರ ಜೊತೆ ಚರ್ಚಿಸಲಾಗಿದೆ."

ಶುಕ್ರವಾರದಿಂದ ಬುಧವಾರ

ವರದಿ ಏನೇ ಇರಲಿ, ಆಫೀಸಿನವರಿಗೆ ಬೇಕಾದದ್ದು ಅಂಕಿ. ಅಂಕಿಯಲ್ಲಿ ಮೆಟ್ರಿ ಕೊನೆ. ಕೋಣೆ ಎತ್ತಿಕೊಂಡು ಬೀದರಕ್ಕೆ ನಡೆಯಿರಿ ಅಂತ ಬಂತು. ನಾನು ಆ ದಿನವೇ ಸೂಟ್‌ಕೇಸು ಕಟ್ಟಿದೆ. ಅರ್ಧ ಕಟ್ಟಿದ್ದೇ ಇತ್ತು, ಹತ್ತು ನಿಮಿಷದ ಕೆಲಸ.

ಚಿತ್ತವಾಡ್ಗಿಯ ಒಬ್ಬ ಕ್ರೇನಿನವನನ್ನೂ ಒಂದು ಲಾರಿಯನ್ನೂ ಗೊತ್ತು ಮಾಡಿಕೊಂಡು ಹೊರಟೆ. ಹೊರಟದ್ದು ಶುಕ್ರವಾರ. ಬುದ್ಧಿ ಇದ್ದವಳು ಮಾಡುವ ಕೆಲಸವಲ್ಲ, ಆದರೆ ಹೊರಡುವ ಆತುರದಲ್ಲಿ ವಾರ ಯಾರು ನೋಡುತ್ತಾರೆ?

ಅಕ್ಕ ಬಾಗಿಲಲ್ಲೇ ಕೂತಿದ್ದಳು. ಕಣ್ಣು ಕೆಂಪಾಗಿತ್ತು, ದನಿ ಮಾತ್ರ ನೆಟ್ಟಗಿತ್ತು. "ಒಯ್ರಿ ಮೇಡಂ, ನಿಮ್ಮ ಸಾಮಾನು. ಆದ್ರ ಶುಕ್ರವಾರ ನನ್ನ ಕಣದಿಂದ ಹೊರಗ ಹೋಗಂಗಿಲ್ಲ. ನಾಳೆ ಬರ್ರಿ."

ನಾನು ಬಾಯಿ ತೆರೆಯುವ ಮೊದಲೇ ಕ್ರೇನಿನವನು ಎಂಜಿನ್ನು ಆರಿಸಿದ. "ಖರೇ ಐತ್ರಿ ಮೇಡಂ. ನಮ್ಮವ್ವ ಶುಕ್ರವಾರ ಬೆಂಕಿ ಕಡ್ಡಿನೂ ಕೊಡಂಗಿಲ್ಲ."

ಶನಿವಾರ ಹೋದೆವು. "ಶನಿವಾರ ಕಬ್ಬಿಣ ಮನಿ ಬಿಡಬಾರ್ದ್ರಿ," ಅಂದಳು ಅಕ್ಕ. "ಬಿಟ್ಟರ ಹೋದಲ್ಲೆಲ್ಲಾ ಶನಿ ಹಿಂದ ಬರ್ತಾನ. ನನಗಲ್ಲ, ಒಯ್ಯೋರಿಗೆ." ಲಾರಿ ಡ್ರೈವರು ನನ್ನ ಮುಖ ನೋಡಲಿಲ್ಲ. ಸದ್ದಿಲ್ಲದೆ ಗಾಡಿ ತಿರುಗಿಸಿದ.

ಭಾನುವಾರ ಅಮಾವಾಸ್ಯೆ. ಅವತ್ತು ಅಕ್ಕ ಏನೂ ಹೇಳಬೇಕಾಗಲಿಲ್ಲ. ಕ್ರೇನಿಗೆ ಹೊಸ ನಿಂಬೆಹಣ್ಣು ಕಟ್ಟುವ ದಿನ, ಹೊರಗೆ ತೆಗೆಯುವುದಿಲ್ಲ ಅಂತ ಕ್ರೇನಿನವನೇ ಫೋನು ಮಾಡಿದ.

ಸೋಮವಾರ. "ಬಸವಣ್ಣನ ದಿನ," ಅಂದಳು. "ಸೋಮವಾರ ಭಾರ ಎಳಸಂಗಿಲ್ಲ, ಎತ್ತಿಗೆ ನೊಗ ಹಾಕಂಗಿಲ್ಲ."

ನನಗೆ ತಡೆಯಲಾಗಲಿಲ್ಲ. "ಅಕ್ಕಾ, ಇದು ಡೀಸೆಲ್ ಕುಡಿಯುವ ಕ್ರೇನು. ಬಸವಣ್ಣ ಅಲ್ಲ."

ಅವಳು ಎದ್ದು ಕ್ರೇನಿನ ಮುಂದೆ ನಿಂತಳು. "ಏನಪಾ, ಇದರ ಹಣಿಗೆ ವಿಭೂತಿ ಹಚ್ಚೀಯಲ್ಲ?"

"ಹಚ್ಚೀನಿ ಯಕ್ಕಾ."

"ನಿನ್ನೆ ನೈವೇದ್ಯ ಮಾಡಿದೀ?"

"ಮಾಡೀನಿ."

"ನಿನ್ನ ಮನೀಗೆ ಅನ್ನ ಹಾಕೋದು ಯಾರು?"

"ಇದs, ಯಕ್ಕಾ."

"ಮತ್ತ ಬಸವಣ್ಣ ಅಂದ್ರ ಇನ್ನೇನಪಾ?" ಅಂದಳು. ಕ್ರೇನಿನವನು ಇಳಿದು ಅದರ ಮುಂಗಾಲಿಗೆ ಅಂದರೆ ಮುಂದಿನ ಗಾಲಿಗೆ ಕೈ ಮುಗಿದು ವಾಪಸು ಹತ್ತಿದ.

ಮಂಗಳವಾರ ನಾವೇನೂ ಕೇಳಲಿಲ್ಲ. ಸುಮ್ಮನೆ ಹೋಗಿ ನೆರಳಲ್ಲಿ ಕೂತೆವು. ಅಕ್ಕ ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ಕ್ರೇನಿನವನು ಐದು ರೊಟ್ಟಿ ತಿಂದು ಮಲಗಿದ.

ಇಷ್ಟರಲ್ಲಿ ಊರಲ್ಲಿ ಇನ್ನೊಂದು ನಡೆದಿತ್ತು. ಶುಕ್ರವಾರ ಕ್ರೇನು ಕಂಡವರೇ ಡಬ್ಬಿ ಹೋಗುತ್ತದಂತೆ ಅಂತ ಸುದ್ದಿ ಹಬ್ಬಿಸಿದ್ದರು. ಒಂದೂವರೆ ವರ್ಷ ಕೋಣೆಯ ಕಡೆ ತಿರುಗಿ ನೋಡದವರೆಲ್ಲ ಬುಟ್ಟಿ ಹೊತ್ತು ಬರತೊಡಗಿದರು. ಟೊಮೆಟೊ, ಬದನೆ, ಹಸಿಮೆಣಸು, ಕೊತ್ತಂಬರಿ. ಇಡಲು ಬಂದವರಿಗೆ ವಾರದ ಅಡ್ಡಿಯಿಲ್ಲ. ಲಕ್ಷ್ಮಿ ಒಳಗೆ ಬರುವುದು ಯಾವತ್ತಾದರೂ ಒಳ್ಳೆಯದೇ ಅಂತ ಅಕ್ಕ ಆ ಐದೂ ದಿನ ಬಾಗಿಲು ತೆರೆಯುತ್ತಲೇ ಇದ್ದಳು.

"ಇಷ್ಟು ದಿನ ಯಾಕೆ ಇಡಲಿಲ್ಲ?" ಅಂತ ಒಬ್ಬರನ್ನು ಕೇಳಿದೆ.

"ಇಷ್ಟು ದಿನ ಇಲ್ಲೇ ಇತ್ತಲ್ರಿ. ಯಾವಾಗ ಬೇಕಾದ್ರೂ ಇಡಬಹುದಿತ್ತು. ಈಗ ಹೋಗ್ತೈತಿ."

ಮಂಗಳವಾರ ಸಂಜೆ ಹನ್ನೊಂದು ಕ್ರೇಟು ಬದನೆ ಹೇರಿಕೊಂಡು ಮೈದುನ ಬಂದ. ಅಕ್ಕ ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಅಡ್ಡ ನಿಂತಳು. ಅವನು ನೆಲ ನೋಡುತ್ತ ಅಂದ, "ಜಾಗ ಐತೇನು ಅತ್ತಿಗಿ?"

ಆಕೆ ಕ್ರೇಟುಗಳನ್ನು ಒಂದೊಂದಾಗಿ ಎಣಿಸಿದಳು. ಆಮೇಲೆ ಒಂದು ಹೆಜ್ಜೆ ಸರಿದಳು. "ಮ್ಯಾಲಿನ ಸಾಲಿನ್ಯಾಗ ಇಡು. ಬಾಗಿಲ ಜಲ್ದಿ ಹಾಕು."

ಬುಧವಾರ ಬಂತು. ಬುಧವಾರಕ್ಕೆ ಯಾವ ದೋಷವೂ ಇಲ್ಲ, ನಾನು ಇಬ್ಬರನ್ನು ಕೇಳಿಕೊಂಡೇ ಹೋಗಿದ್ದೆ. ಅಕ್ಕನೂ ಸುಮ್ಮನೆ ಬದಿಗೆ ನಿಂತಳು. ಕೋಣೆ ಖಾಲಿ ಮಾಡೋಣ ಅಂದರೆ ಒಳಗಿರುವುದು ಊರಿನ ನಲವತ್ತು ಮನೆಯ ಸಾಮಾನು, ಮಾಲೀಕರೆಲ್ಲ ಹೊಲದಲ್ಲಿ. ತುಂಬಿದ್ದನ್ನೇ ಎತ್ತಿ ನೋಡೋಣ ಅಂತ ಕ್ರೇನಿನವನು ಬೆಲ್ಟು ಹಾಕಿದ. ಎಂಜಿನ್ನು ಗುಡುಗಿತು, ಹೊಗೆ ಬಂತು, ಒಂದು ಕಡೆ ನಿಧಾನವಾಗಿ ಮೇಲೇಳತೊಡಗಿತು. ಎದ್ದದ್ದು ಕ್ರೇನಿನ ಹಿಂದಿನ ಗಾಲಿ. ಕೋಣೆ ಕೂತಲ್ಲೇ ಇತ್ತು. ಕ್ರೇನಿನವನು ಗಾಳಿಯಲ್ಲಿ ತೇಲುತ್ತ, "ಯಕ್ಕಾ, ಬಸವಣ್ಣ ಒಲ್ಲೆ ಅಂತಾನ," ಅಂದ.

ಆಗಲೇ ಆಫೀಸಿನ ಫೋನು ಬಂತು. ಮೆಟ್ರಿಯ ಕೋಣೆ ಐದು ದಿನದಿಂದ ತುಂಬಿ ತುಳುಕುತ್ತಿದೆ, ಬಾಗಿಲು ಇಷ್ಟು ಸಲ ಇನ್ಯಾವ ಊರಲ್ಲೂ ತೆರೆದಿಲ್ಲ, ದಯವಿಟ್ಟು ಮುಟ್ಟಬೇಡಿ. ಬೀದರಕ್ಕೆ ಹೊಸದೊಂದು ಕಳಿಸುತ್ತೇವೆ. ನೀವು ಬೇಕಿದ್ದರೆ ಅಲ್ಲಿಗೆ ಹೋಗಿ, ಬೇಕಿದ್ದರೆ ಇಲ್ಲೇ ಇರಿ.

ಅಕ್ಕನಿಗೆ ಹೇಳಿದೆ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ಮೂಗೊರೆಸಿಕೊಂಡಳು, ಆಮೇಲೆ ಮೈದುನನ ಮನೆಯ ಕಡೆ ನೋಡಿ ಸೆರಗು ಸರಿಮಾಡಿಕೊಂಡಳು. ಹದಿನೆಂಟು ಊರು ಬಿಟ್ಟು ಬಂದವಳು ನಾನು, ಎಲ್ಲೂ ನಿಲ್ಲು ಅಂತ ಯಾರೂ ಅಂದದ್ದಿಲ್ಲ. ಈಕೆ ಅಂದಾಳು ಅನ್ನಿಸಿತು. ಅಂದರೆ ಇದ್ದುಬಿಡೋಣ ಅಂತಲೂ ಅನ್ನಿಸಿತು. ಲಾರಿಯಲ್ಲಿದ್ದ ಸೂಟ್‌ಕೇಸು ಇಳಿಸಿ ಅವಳ ಕಣ್ಣಿಗೆ ಬೀಳುವ ಹಾಗೆ ಇಟ್ಟು ಕೇಳಿದೆ.

"ಅಕ್ಕಾ, ಕೋಣೆಗಂತೂ ಊರು ಬಿಡಲು ಒಂದು ದಿನವೂ ಸರಿಬರಲಿಲ್ಲ. ನಾನು ಹೋಗುವುದಾದರೆ ಯಾವತ್ತು ಹೋಗಲಿ?"

ಅವಳು ಸೂಟ್‌ಕೇಸು ನೋಡಿದಳು. ನನ್ನನ್ನೂ ನೋಡಿದಳು. ಪಕ್ಕದಲ್ಲಿದ್ದ ಒಂದು ಕ್ರೇಟು ಎತ್ತಿಕೊಂಡಳು.

"ನೀವೇನು ಸಾಮಾನೇನ್ರಿ ವಾರ ನೋಡಾಕ? ಇವತ್ತs ಹೊಂಟ್ರ ಭಾಳ ಚೊಲೊ. ಬುಧವಾರ ಬಸ್ಸು ಖಾಲಿ ಇರ್ತಾವ, ಕಿಟಕಿ ಸೀಟು ಸಿಗತೈತಿ."